ಫೆಬ್ರವರಿಯ ಕೆರೆಯಲ್ಲಿ ಹೆಬ್ಬಾತು ಕಾಣದಿದ್ದರೆ

ಪ್ರಶ್ನೆ: ಜನವರಿ ಕೊನೆಯ ವಾರ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಮಧ್ಯಾಹ್ನ ಹೋಗಿದ್ದಾಗ ಪಟ್ಟೆತಲೆ ಹೆಬ್ಬಾತುಗಳ ದೊಡ್ಡ ಹಿಂಡೇ ಇತ್ತು. ಫೆಬ್ರವರಿ ಮೂರನೇ ಭಾನುವಾರ ಮಕ್ಕಳನ್ನು ಕರೆದುಕೊಂಡು ಬೆಳಕು ಹರಿಯುವ ಮುಂಚೆಯೇ ಹೋದೆವು, ಏಳೂವರೆಗೆ ವಾಪಸು ಹೊರಟೆವು. ಒಂದೇ ಒಂದು ಹೆಬ್ಬಾತೂ ಕಾಣಲಿಲ್ಲ. ಇಷ್ಟು ಬೇಗ ಹೊರಟುಬಿಟ್ಟವೇ? ಶಿವರಾತ್ರಿ ಕಳೆದ ಮೇಲೆ ಮೈಸೂರಿನ ಸುತ್ತಮುತ್ತ ನೋಡುವುದಕ್ಕೆ ಏನಾದರೂ ಉಳಿದಿರುತ್ತದೆಯೇ? ನೋಡಿದ್ದನ್ನು ನಾಲ್ಕು ಜನಕ್ಕೆ ಉಪಯೋಗವಾಗುವ ಹಾಗೆ ಬರೆದಿಡುವುದು ಹೇಗೆ?

ಉತ್ತರ: ಹೊರಟಿರಲಿಕ್ಕಿಲ್ಲ. ನೀವು ಹೋದ ಹೊತ್ತು ಸರಿಯಿರಲಿಲ್ಲ ಅಷ್ಟೆ. ಹಕ್ಕಿ ನೋಡಬೇಕಾದರೆ ನಸುಕಿನಲ್ಲೇ ಏಳಬೇಕು ಎನ್ನುವ ಮಾತು ಕಾಡು, ತೋಟದ ಹಕ್ಕಿಗಳಿಗೆ ಒಪ್ಪುತ್ತದೆ. ಪಟ್ಟೆತಲೆ ಹೆಬ್ಬಾತಿಗೆ ಕೆರೆ ಹಗಲು ತಂಗುವ ಜಾಗ. ಊಟ ಬೇರೆ ಕಡೆ. ಹೊತ್ತು ಮುಳುಗಿ ಬಯಲಿನಲ್ಲಿ ಜನ ಕಡಿಮೆಯಾದ ಮೇಲೆ ಹಿಂಡು ಎದ್ದು ಹೊಲಗಳಿಗೆ ಹೋಗುತ್ತದೆ, ಕೊಯ್ಲಾದ ಗದ್ದೆಯ ಉದುರುಕಾಳು, ಎಳೆಹುಲ್ಲು, ಬೆಳೆಯ ಚಿಗುರು ಮೇಯುತ್ತದೆ. ಬಿಸಿಲೇರುವ ಹೊತ್ತಿಗೆ ನೀರಿಗೆ ಮರಳುತ್ತದೆ. ಹೋಗುವಾಗಲೂ ಬರುವಾಗಲೂ ಮೂಗಿನಿಂದ ಕೂಗಿದಂಥ 'ಆಂಗ್ ಆಂಗ್' ಸದ್ದು ಹಕ್ಕಿಗಿಂತ ಮೊದಲು ಕೇಳಿಸುತ್ತದೆ. ಏಳೂವರೆಗೆ ಕೆರೆ ಬಿಟ್ಟವರು ಅವು ಬರುವ ಮುಂಚೆ ಎದ್ದುಬಂದ ಹಾಗೆ.

ಇನ್ನೊಂದು ಕಾರಣಕ್ಕೂ ನನಗೆ ಅವು ಹೋಗಿವೆ ಎನಿಸುವುದಿಲ್ಲ. ಈ ಹೆಬ್ಬಾತುಗಳು ಮರಿ ಮಾಡುವುದು ಟಿಬೆಟ್, ಮಂಗೋಲಿಯಾ, ಕಿರ್ಗಿಸ್ತಾನದ ಎತ್ತರದ ಕೆರೆಗಳಲ್ಲಿ. ಫೆಬ್ರವರಿಯಲ್ಲಿ ಅಲ್ಲಿ ನೀರೆಲ್ಲ ಇನ್ನೂ ಗಟ್ಟಿ ಮಂಜುಗಡ್ಡೆ. ಬೇಗ ಹೋಗಿ ಮಾಡುವುದೇನೂ ಇಲ್ಲ. ನಮ್ಮ ಕಡೆಯಿಂದ ಖಾಲಿಯಾಗುವುದು ಸಾಮಾನ್ಯವಾಗಿ ಮಾರ್ಚ್‌ನಲ್ಲಿ, ಅದೂ ಒಂದೇ ದಿನ ಅಲ್ಲ, ತಂಡತಂಡವಾಗಿ ಎರಡು ಮೂರು ವಾರಗಳಲ್ಲಿ. ಎವರೆಸ್ಟ್ ಮೇಲೆ ಹಾರುವ ಹಕ್ಕಿ ಎಂದು ಇದರ ಬಗ್ಗೆ ಬರೆಯುವವರೆಲ್ಲ ಬರೆಯುತ್ತಾರೆ. ಉಪಗ್ರಹ ಟ್ಯಾಗ್ ಹಾಕಿ ಹಿಂಬಾಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕ ಗರಿಷ್ಠ ಎತ್ತರ 7,290 ಮೀಟರ್. ಬಹುಪಾಲು ಹಾರಾಟ ಅದಕ್ಕಿಂತ ಬಹಳ ಕೆಳಗೆ, ನೆಲದ ಏರಿಳಿತಕ್ಕೆ ತಕ್ಕಂತೆ. ಅದೇನು ಕಡಿಮೆ ಸಾಹಸವಲ್ಲ.

ಹಾಗಾಗಿ ಇನ್ನೊಮ್ಮೆ ಹೋಗಿ, ಹತ್ತರಿಂದ ಹನ್ನೆರಡರ ನಡುವೆ ನೋಡಿ. ಆಗಲೂ ಕಾಣದಿದ್ದರೆ ನೀರಂಚಿನ ಹುಲ್ಲಿನಲ್ಲಿ ಹಿಕ್ಕೆ ಹುಡುಕಿ. ಹೆಬ್ಬಾತಿನದು ಬೆರಳಿನಷ್ಟು ಉದ್ದ, ಉರುಳೆಯಾಕಾರ, ಹುಲ್ಲಿನ ನಾರು ತುಂಬಿ ಹಸಿರಾಗಿರುತ್ತದೆ. ಕಡ್ಡಿಯಲ್ಲಿ ಒತ್ತಿದಾಗ ಒಳಗೆ ಹಸಿಯಿದ್ದರೆ ಹಿಂಡು ನಿನ್ನೆ ಇವತ್ತು ಅಲ್ಲೇ ಇತ್ತು. ಪುಡಿಯಾದರೆ ಹೋಗಿ ಕೆಲವು ದಿನವಾಗಿದೆ. ಕೈಯಲ್ಲಿ ಮುಟ್ಟಬೇಡಿ, ಮಕ್ಕಳಿಗೂ ಮುಟ್ಟಲು ಬಿಡಬೇಡಿ.

ಹೋಗಿದೆ ಎಂದರೂ ವಲಸೆಯೇ ಹೋಗಿದೆ ಎನ್ನಲಾಗದು. ಹಿಂಡು ಒಂದು ಕೆರೆಗೆ ಅಂಟಿಕೊಂಡಿರುವುದಿಲ್ಲ. ಜಿಲ್ಲೆಯ ನರಸಾಂಬುಧಿಯಂಥ ಬೇರೆ ಕೆರೆಗೆ, ಇಲ್ಲವೇ ಹೆಸರೇ ಕೇಳದ ಹಳ್ಳಿಕೆರೆಗೆ ನಾಲ್ಕು ದಿನ ಹೋಗಿ ಮತ್ತೆ ಬರುವುದುಂಟು. ಬಲೆ ಎಳೆಯಲು ತೆಪ್ಪ ಇಳಿದರೆ, ಯಾರೋ ಡ್ರೋನ್ ಹಾರಿಸಿದರೆ, ಫೋಟೊಗೆ ಹಕ್ಕಿ ಎದ್ದು ಹಾರಲಿ ಎಂದು ಕಲ್ಲೆಸೆದರೆ ಅಷ್ಟೇ ಸಾಕು. ಆದರೆ ಎಲ್ಲಕ್ಕಿಂತ ದೊಡ್ಡ ಕಾರಣ ನೀರಿನ ಮಟ್ಟ. ಇದನ್ನು ಗಮನಿಸುವವರು ಕಡಿಮೆ, ಅದಕ್ಕೇ 'ಈ ವರ್ಷ ಹಕ್ಕಿಗಳೇ ಬಂದಿಲ್ಲ' ಎಂಬ ಸುದ್ದಿ ವರ್ಷ ಬಿಟ್ಟು ವರ್ಷ ಬರುತ್ತಿರುತ್ತದೆ. ಒಳ್ಳೆಯ ಮಳೆಯಾಗಿ ಕೋಡಿ ಬಿದ್ದ ವರ್ಷ ಸುತ್ತಲಿನ ಎಲ್ಲ ಕೆರೆಗಳೂ ತುಂಬಿರುತ್ತವೆ, ಹಕ್ಕಿಗಳು ಹಂಚಿಹೋಗುತ್ತವೆ. ಬಾತುಗಳಲ್ಲಿ ಹೆಚ್ಚಿನವು ಮುಳುಗಿ ತಿನ್ನುವ ಜಾತಿಯಲ್ಲ. ಬಾಲ ಮೇಲೆ ಮಾಡಿ ತಲೆ ಕೆಳಗೆ ಹಾಕಿದರೂ ಒಂದೂವರೆ ಅಡಿಗಿಂತ ಆಳ ಅವಕ್ಕೆ ಎಟಕುವುದು ಕಷ್ಟ. ಬರದ ವರ್ಷ ನೀರು ಉಳಿದ ಒಂದೇ ಕೆರೆಯಲ್ಲಿ ಸಾವಿರ ಹಕ್ಕಿ ಕಂಡರೆ ಅದು ಸಂತೋಷದ ಸುದ್ದಿಯೂ ಅಲ್ಲ, ತುಂಬಿದ ಕೆರೆಯಲ್ಲಿ ನೂರು ಕಂಡರೆ ದುಃಖದ ಸುದ್ದಿಯೂ ಅಲ್ಲ.

ನೀರಿನ ಮಟ್ಟ ಅಳೆಯಲು ಉಪಕರಣ ಬೇಡ. ಕೆರೆ ಏರಿಯ ತೂಬಿನ ಹತ್ತಿರ ಮೆಟ್ಟಿಲು ಅಥವಾ ಕಲ್ಲಿನ ಸಾಲು ಇರುತ್ತದೆಯಲ್ಲ, ಮೇಲಿನಿಂದ ಎಷ್ಟನೇ ಕಲ್ಲಿಗೆ ನೀರು ನಿಂತಿದೆ ಎಂದು ಪ್ರತಿ ಸಲ ಬರೆದುಕೊಳ್ಳಿ. ಇನ್ನೊಂದು ಬದಿಯಲ್ಲಿ, ನೀರು ಇಳಿದು ತೆರೆದುಕೊಳ್ಳುವ ಕೆರೆಯಂಗಳದ ಕಡೆ, ಎಷ್ಟು ಹೆಜ್ಜೆ ಕೆಸರು ಬಿಟ್ಟಿದೆ ಎನ್ನುವುದನ್ನೂ ಬರೆಯಿರಿ. ಎರಡು ವರ್ಷ ಬರೆದರೆ ಯಾವ ಕಲ್ಲಿನ ಮಟ್ಟಕ್ಕೆ ಯಾವ ಹಕ್ಕಿ ಎನ್ನುವುದು ನಿಮಗೇ ತಿಳಿಯುತ್ತದೆ.

ಶಿವರಾತ್ರಿಗೆ ಚಳಿ 'ಶಿವ ಶಿವಾ' ಎಂದು ಓಡಿಹೋಗುತ್ತದೆ ಎನ್ನುತ್ತಾರೆ, ಹಕ್ಕಿಗಳೂ ಅದರ ಜೊತೆ ಓಡಿಹೋಗುತ್ತವೆ ಎಂದುಕೊಂಡು ಬೈನಾಕ್ಯುಲರ್ ಒಳಗಿಡುವವರೇ ಜಾಸ್ತಿ. ನನ್ನ ಲೆಕ್ಕದಲ್ಲಿ ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗಿನ ಎರಡು ತಿಂಗಳು ಡಿಸೆಂಬರ್‌ಗಿಂತ ರುಚಿ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ವರ್ಷ ನಡೆಯುತ್ತಿದೆ, ಆದರೆ ಅದು ಜನವರಿಯದು. ಹೀಗಾಗಿ ಜನವರಿಯಲ್ಲಿ ಯಾವ ಕೆರೆಯಲ್ಲಿ ಎಷ್ಟಿದ್ದವು ಎಂದರೆ ಹೇಳಬಹುದು. ಅವು ಯಾವಾಗ, ಯಾವ ಕ್ರಮದಲ್ಲಿ ಖಾಲಿಯಾದವು ಎಂದರೆ ಬಹುತೇಕ ಕೆರೆಗಳಿಗೆ ಉತ್ತರವಿಲ್ಲ. ನಿಮ್ಮಂಥ ಹತ್ತಿರದವರು ಮಾಡಬಹುದಾದ ಕೆಲಸ ಇರುವುದೇ ಇಲ್ಲಿ.

ಮೊದಲ ಲಾಭ, ಗುರುತಿಸುವುದು ಸುಲಭ. ಅಕ್ಟೋಬರ್‌ನಲ್ಲಿ ಬಂದಿಳಿಯುವ ಗಂಡು ಬಾತುಗಳು ಗರಿ ಉದುರಿಸಿಕೊಂಡು ಹೆಣ್ಣಿನ ಹಾಗೇ ಮಾಸಲು ಕಂದಾಗಿರುತ್ತವೆ. ಫೆಬ್ರವರಿಗೆ ಮದುವಣಿಗನ ಉಡುಪು ಪೂರ್ತಿ ಬಂದಿರುತ್ತದೆ. ಸೂಜಿಬಾಲದ ಬಾತಿನ ಚಾಕೊಲೇಟ್ ತಲೆ, ಕತ್ತಿನ ಮೇಲೆ ಏರಿದ ಬಿಳಿ ಗೆರೆ. ಚಮಚಕೊಕ್ಕಿನ ಬಾತಿನ ಕಡುಹಸಿರು ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ಪಕ್ಕೆ. ಬಿಳಿಹುಬ್ಬಿನ ಬಾತಿನ ಕಣ್ಣಮೇಲಿಂದ ಹಿಂದಲೆಗೆ ಇಳಿಯುವ ಬಿಳಿ ಕಮಾನು. ಮೂರನ್ನೂ ಏರಿಯ ಮೇಲಿಂದಲೇ ಹೇಳಬಹುದು. ಹೆಣ್ಣುಗಳಿಗೆ ಮುಖ ನೋಡಿ: ಚಮಚಕೊಕ್ಕಿನದಕ್ಕೆ ಕೊಕ್ಕೇ ಸಾಕು, ಬಿಳಿಹುಬ್ಬಿನದಕ್ಕೆ ಮುಖದ ತುಂಬ ಗೆರೆ ಮತ್ತು ಕೊಕ್ಕಿನ ಬುಡದಲ್ಲಿ ಮಾಸಲು ಬೊಟ್ಟು, ಸೂಜಿಬಾಲದ್ದಕ್ಕೆ ಗೆರೆಯೇ ಇಲ್ಲದ ಬೋಳು ಮುಖ, ಉದ್ದ ಕತ್ತು. ಇವುಗಳ ನಡುವೆ ಜೋಡಿಜೋಡಿಯಾಗಿ ಇರುವ, ಕೊಕ್ಕಿನ ತುದಿ ಹಳದಿಯಾದ ದೊಡ್ಡ ಬಾತು ವರಟೆ. ಅದು ನಮ್ಮೂರಿನದೇ, ವರ್ಷವಿಡೀ ಇರುತ್ತದೆ.

ಊರಿನದು ಎಂದಾಗ ಒಂದು ಮಾತು. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು 'ಸೈಬೀರಿಯಾದ ಅತಿಥಿಗಳು' ಎಂದು ಬರೆಯುವ ಚಾಳಿ ಇನ್ನೂ ಹೋಗಿಲ್ಲ. ಎರಡೂ ಈ ನಾಡಿನವೇ. ನೀರಿರುವ ಕಡೆ ಅಲೆದಾಡಿ, ಮರಿ ಮಾಡಲು ಬೆಳ್ಳೂರಿನ ಹುಣಸೆ, ಆಲ, ಅರಳಿ ಮರಗಳಿಗೆ ಬರುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ಅಲ್ಲಿ ಗೂಡುಗಳಲ್ಲಿ ಮರಿಗಳ ಗಲಾಟೆ ಜೋರು, ಮನೆಯಂಗಳದಲ್ಲಿ ನಿಂತೇ ನೋಡಬಹುದು. ಸಮುದಾಯ ಮೀಸಲು ಪ್ರದೇಶ ಎಂದು ಅದು ಘೋಷಣೆಯಾಗಿದ್ದು 2007ರಲ್ಲಿ, ಊರಿನವರು ಅದಕ್ಕೂ ಎಷ್ಟೋ ತಲೆಮಾರು ಮೊದಲಿಂದ ಕಾಯುತ್ತಿದ್ದಾರೆ. ಮರದ ನೇರ ಕೆಳಗೆ ನಿಲ್ಲಬೇಡಿ; ಹಿಕ್ಕೆ ಬೀಳುತ್ತದೆ ಎನ್ನುವುದಕ್ಕಿಂತ, ಬೆದರಿದ ಮರಿ ಗೂಡಿನಂಚಿಗೆ ಸರಿದು ಬೀಳುತ್ತದೆ. ರಂಗನತಿಟ್ಟಿನ ಕಥೆಯೂ ಹೆಚ್ಚು ಕಡಿಮೆ ಇದೇ, ಜೊತೆಗೆ ನಡುಗಡ್ಡೆಯ ಬೋಳುಬಂಡೆಗಳ ಮೇಲೆ ಮೊಟ್ಟೆಯಿಡುವ ನದಿ ರೀವ ಮತ್ತು ದೊಡ್ಡ ಕಣ್ಣಿನ ಕಲ್ಲುಗೊರವಗಳನ್ನು ಈ ಕಾಲದಲ್ಲಿ ದೋಣಿಯಿಂದ ನೋಡಬಹುದು.

ಕೆರೆ ಬತ್ತುತ್ತಾ ಬಂದಂತೆ ಬಿಡುವ ಕೆಸರಿನಲ್ಲಿ ಹುಳ ಹೆಕ್ಕುತ್ತಾ ಓಡಾಡುವ ಗೊರವಗಳ ಕಾಲ ಶುರುವಾಗುತ್ತದೆ. ಹೊಸಬರು ಕಂಗೆಡುವುದು ಇಲ್ಲೇ. ನಾವು ಎಲ್ಲವನ್ನೂ ಗೊರವ ಎಂದೇ ಕರೆದುಬಿಡುವುದರಿಂದ ಇಂಗ್ಲಿಷ್ ಹೆಸರು ಹಿಡಿದೇ ಹೇಳುತ್ತೇನೆ. ಮೈಸೂರಿನ ಕೆರೆಗಳಲ್ಲಿ ದಿನವೂ ಕಾಣುವ, ಮೈನಾ ಗಾತ್ರದ ಮೂರನ್ನು ಬಿಡಿಸಿಕೊಂಡರೆ ಅರ್ಧ ಕೆಲಸ ಆದಂತೆ. ಕಾಮನ್ ಸ್ಯಾಂಡ್‌ಪೈಪರ್: ಹಿಂಭಾಗವನ್ನು ಎಡೆಬಿಡದೆ ಮೇಲೆ ಕೆಳಗೆ ಕುಣಿಸುತ್ತದೆ, ರೆಕ್ಕೆ ಮತ್ತು ಎದೆಯ ಕಂದಿನ ನಡುವೆ ಹೊಟ್ಟೆಯ ಬಿಳುಪು ಬೆಣೆಯ ಹಾಗೆ ಮೇಲಕ್ಕೆ ನುಗ್ಗಿರುತ್ತದೆ. ಆ ಬೆಣೆ ಕಂಡರೆ ಬೇರೆ ಏನೂ ನೋಡಬೇಕಿಲ್ಲ. ಎದ್ದರೆ ನೀರಿಗೆ ಅಂಟಿಕೊಂಡಂತೆ, ರೆಕ್ಕೆ ನಡುಗಿಸುತ್ತಾ ಹಾರುತ್ತದೆ. ವುಡ್ ಸ್ಯಾಂಡ್‌ಪೈಪರ್: ಬೆನ್ನ ಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ, ಕಣ್ಣಿನಿಂದಾಚೆಗೂ ಸಾಗುವ ಬಿಳಿ ಹುಬ್ಬು, ಹಳದಿ ಛಾಯೆಯ ಕಾಲು. ಗ್ರೀನ್ ಸ್ಯಾಂಡ್‌ಪೈಪರ್: ಬೆನ್ನು ಬಹಳ ಕಪ್ಪು, ಹುಬ್ಬು ಕಣ್ಣಿನ ಮುಂದಕ್ಕಷ್ಟೇ. ಹಾರಿದಾಗ ರೆಕ್ಕೆಯ ಅಡಿ ಕಪ್ಪು, ಸೊಂಟ ಅಚ್ಚಬಿಳಿ. ವುಡ್‌ಗೂ ಸೊಂಟ ಬಿಳಿಯೇ, ಆದರೆ ರೆಕ್ಕೆಯಡಿ ಮಾಸಲು. ನಿಂತಾಗ ಅನುಮಾನ ಬಂದರೆ ಹಾರುವವರೆಗೆ ಕಾಯಿರಿ, ಹಾರಿಸಬೇಡಿ.

ಇವಕ್ಕಿಂತ ಚಿಕ್ಕವು, ಗುಬ್ಬಿ ಗಾತ್ರದವು, ಸ್ಟಿಂಟ್‌ಗಳು. ಕಾಲು ಕಪ್ಪಾದರೆ ಲಿಟಲ್ ಸ್ಟಿಂಟ್, ಹಳದಿಯಾದರೆ ಟೆಮ್ಮಿಂಕ್ಸ್. ಕೆಸರು ಮೆತ್ತಿದ ಕಾಲು ಎಲ್ಲದಕ್ಕೂ ಕಪ್ಪೇ ಎನ್ನುವುದು ನೆನಪಿರಲಿ! ಮಾರ್ಚ್ ಕೊನೆಗೆ ಲಿಟಲ್ ಸ್ಟಿಂಟ್ ಬೆನ್ನಿಗೆ ಕಂದುಗೆಂಪು ಬರತೊಡಗುತ್ತದೆ, ಕಪ್ಪುಬಾಲದ ಗಾಡ್‌ವಿಟ್ ಎಂಬ ಉದ್ದಕೊಕ್ಕಿನ ಗೊರವದ ಕತ್ತು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಪುಸ್ತಕದ ಚಳಿಗಾಲದ ಚಿತ್ರಕ್ಕೆ ಹೋಲಿಸಿ 'ಯಾವುದೋ ಅಪರೂಪದ್ದು' ಎಂದು ಗುಂಪಿನಲ್ಲಿ ಹಾಕುವ ತಪ್ಪು ಆಗುವುದು ಈ ದಿನಗಳಲ್ಲೇ. ಬಾಲ ಕುಣಿಸುತ್ತಾ ಓಡಾಡುವ ಹಳದಿ ಸಿಪಿಲೆಗೂ ಹಾಗೇ: ಡಿಸೆಂಬರ್‌ನಲ್ಲಿ ಎಲ್ಲವೂ ಒಂದೇ ಮಾಸಲು, ಮಾರ್ಚ್ ಕಳೆಯುವ ಹೊತ್ತಿಗೆ ಗಂಡುಗಳ ತಲೆ ಬೂದೋ ಕಪ್ಪೋ ಎನ್ನುವುದು ಸ್ಪಷ್ಟವಾಗಿ ಉಪಜಾತಿ ಹೇಳಬಹುದು.

ನೀರು ಬಿಟ್ಟು ಮರಗಳ ಕಡೆ ಬನ್ನಿ. ಬೂರುಗ, ಮುತ್ತುಗ, ಹಾಲವಾಣ ಹೂಬಿಟ್ಟಿರುವ ಕಡೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಇರುತ್ತದೆ. ಕೊಕ್ಕು, ಹಣೆ ಎಲ್ಲ ಹೂವಿನ ಪರಾಗ ಮೆತ್ತಿ ಹಳದಿಯಾದ ಹಕ್ಕಿಯನ್ನು ನೋಡಿ ಬೇರೆ ಜಾತಿ ಎಂದುಕೊಳ್ಳಬೇಡಿ. ನವೆಂಬರ್‌ನಲ್ಲಿ ದೂಳು ಹಿಡಿದಂತಿದ್ದ ಇವು ಮಾರ್ಚ್‌ಗೆ ಗುಲಾಬಿಯಾಗುವುದು ಹೊಸ ಗರಿ ಬಂದು ಅಲ್ಲ, ಗರಿಯ ಮಾಸಲು ಅಂಚು ಸವೆದು ಒಳಗಿನ ಬಣ್ಣ ಹೊರಬೀಳುವುದರಿಂದ. ಏಪ್ರಿಲ್‌ನಲ್ಲಿ ಹೋಗುತ್ತವೆ. ಮನೆ ಹಿತ್ತಲಿನ ಮರದಲ್ಲಿ ಕಾಣದೆ ಕೂಗುವ ಉಲಿಯಕ್ಕಿಗಳೂ ಅಲ್ಲಿಯವರೆಗೆ ಇರುತ್ತವೆ: ಎತ್ತರದ ಎಲೆಗಳಲ್ಲಿ 'ಚಿಸ್ಲಿ' ಎಂದರೆ ಹಸಿರು ಉಲಿಯಕ್ಕಿ, ಪೊದೆಯೊಳಗೆ ನಾಲಿಗೆ ಲೊಟ್ಟೆ ಹೊಡೆದಂತೆ 'ಚೆಕ್' ಎಂದರೆ ಬ್ಲೈತ್ಸ್ ರೀಡ್ ವಾರ್ಬ್ಲರ್. ಫೋನಿನ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ, ಆದರೆ ಕಾಜಾಣ, ಎಲೆಹಕ್ಕಿ ಬೇರೆ ಹಕ್ಕಿಗಳನ್ನು ಅಣಕಿಸುತ್ತವೆ. ಆ್ಯಪ್ ಹೇಳಿದ್ದನ್ನು ಕಣ್ಣಿನಿಂದ ನೋಡದೆ ಪಟ್ಟಿಗೆ ಸೇರಿಸಬೇಡಿ.

ಹೋಗುವವರ ನಡುವೆ ಬರುವವರೂ ಇದ್ದಾರೆ. ಮಾರ್ಚ್ ಹೊತ್ತಿಗೆ ಶ್ರೀರಂಗಪಟ್ಟಣದ ಬಳಿ, ನಗುವನಹಳ್ಳಿ ಕಡೆ, ನೀಲಿಬಾಲದ ಕಳ್ಳಿಪೀರಗಳು ಸೇರತೊಡಗುತ್ತವೆ, ಮೆದುಮಣ್ಣಿನಲ್ಲಿ ಬಿಲ ಕೊರೆದು ಗೂಡು ಮಾಡುತ್ತವೆ. ತಂತಿಯ ಮೇಲೆ ವರ್ಷವಿಡೀ ಕಾಣುವ ಸಣ್ಣ ಹಸಿರು ಕಳ್ಳಿಪೀರಕ್ಕಿಂತ ಇದು ದೊಡ್ಡದು, ಗಂಟಲು ಕಂದುಗೆಂಪು. ಗೂಡಿನ ದಿಬ್ಬಕ್ಕೆ ಹತ್ತಿರ ಹೋಗಿ ಕೂತರೆ ಹಕ್ಕಿ ಬಾಯಲ್ಲಿ ಏರೋಪ್ಲೇನ್ ಚಿಟ್ಟೆ ಹಿಡಿದುಕೊಂಡೇ ತಂತಿಯ ಮೇಲೆ ಕಾಯುತ್ತದೆ, ಒಳಗೆ ಮರಿ ಹಸಿದಿರುತ್ತದೆ. ಅಂಥದ್ದು ಕಂಡ ಕೂಡಲೇ ಹಿಂದೆ ಸರಿಯಿರಿ.

ಇನ್ನು ಹೋಗುವ ಕ್ರಮ. ಒಂದೇ ಬೆಳಗ್ಗೆ ಎರಡು ಪಾಳಿ ಮಾಡಿ. ಆರೂವರೆಯಿಂದ ಎಂಟೂವರೆವರೆಗೆ ಗೊರವ, ಸಿಪಿಲೆ, ಬಾತು, ಆಮೇಲೆ ತಿಂಡಿ, ಹತ್ತಕ್ಕೆ ಹೆಬ್ಬಾತು. ಕಾರಣ ಇಷ್ಟೇ: ಫೆಬ್ರವರಿ ಕೊನೆಗೆ ಒಂಬತ್ತಾದರೆ ಕೆಸರಿನ ಮೇಲೆ ಬಿಸಿಗಾಳಿ ನಡುಗುತ್ತದೆ, ಚಿಕ್ಕ ಹಕ್ಕಿಯ ಕಾಲಿನ ಬಣ್ಣ ಯಾವ ದುರ್ಬೀನಿಗೂ ಸಿಗುವುದಿಲ್ಲ. ಹೆಬ್ಬಾತು ದೊಡ್ಡದು, ತಲೆಯ ಎರಡು ಕಪ್ಪು ಪಟ್ಟಿ ಆ ನಡುಕದಲ್ಲೂ ಕಾಣುತ್ತದೆ. ಬೆಳಗಿನ ಪಾಳಿಗೆ ಕೆರೆಯ ಪೂರ್ವದ ದಡದಲ್ಲಿ ನಿಲ್ಲಿ, ಬೆನ್ನಿಗೆ ಸೂರ್ಯ ಇರಬೇಕು. ಎದುರು ದಡದಿಂದ ನೋಡಿದರೆ ಎಲ್ಲವೂ ಕಪ್ಪು ಗೊಂಬೆಗಳೇ. 8x42 ಅಥವಾ 10x42 ಬೈನಾಕ್ಯುಲರ್ ಸಾಕು. ಹಿಂಡಿನಲ್ಲಿ ತಲೆಗಳು ಒಟ್ಟಿಗೆ ಮೇಲೆದ್ದವೆಂದರೆ ನೀವು ಹತ್ತಿರವಾದಿರಿ ಎಂದರ್ಥ, ಅಲ್ಲೇ ನಿಲ್ಲಿ. ಅಂಗಳದ ಬಿರುಕುಬಿಟ್ಟ ಮಣ್ಣು ಮೇಲೆ ಒಣಗಿದಂತೆ ಕಂಡರೂ ಕೆಳಗೆ ಮೊಣಕಾಲು ಮಟ್ಟ ಕೆಸರಿರಬಹುದು, ಮಕ್ಕಳನ್ನು ಇಳಿಸಬೇಡಿ. ಮಾರ್ಚ್‌ನಿಂದ ಆ ಒಣ ಅಂಗಳದಲ್ಲೇ ಟಿಟ್ಟಿಭ ಮೊಟ್ಟೆಯಿಡಲು ಶುರುಮಾಡುತ್ತದೆ. ಮೊಟ್ಟೆ ಮಣ್ಣಿನ ಬಣ್ಣದ್ದೇ, ತುಳಿದ ಮೇಲೇ ಗೊತ್ತಾಗುವುದು.

ಎಣಿಕೆಗೆ ಬಂದರೆ, 'ತುಂಬಾ ಇದ್ದವು' ಎನ್ನುವುದು ಯಾರಿಗೂ ಪ್ರಯೋಜನವಿಲ್ಲ. ಹಿಂಡಿನ ಒಂದು ಅಂಚಿನಲ್ಲಿ ಹತ್ತು ಹಕ್ಕಿ ಒಂದೊಂದಾಗಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿನಲ್ಲಿ ಅಳತೆ ಇಟ್ಟುಕೊಳ್ಳಿ. ಅದೇ ಅಳತೆಯನ್ನು ಹಿಂಡಿನ ಉದ್ದಕ್ಕೂ ಜರುಗಿಸುತ್ತಾ ಹೋಗಿ. ನೂರು ದಾಟಿದ ಹಿಂಡಿಗೆ ಅಳತೆ ಐವತ್ತಕ್ಕೆ ಏರಿಸಿ. ನಡುವಿನ ದಟ್ಟ ಭಾಗಕ್ಕೆ ಅಂಚಿನ ಅಳತೆ ಹಾಕಿದರೆ ಲೆಕ್ಕ ಕಡಿಮೆ ಬರುತ್ತದೆ, ಅಲ್ಲಿ ಹತ್ತು ಹಕ್ಕಿ ಮತ್ತೆ ಎಣಿಸಿ ಹೊಸ ಅಳತೆ ಹಿಡಿಯಿರಿ. ಮೂರು ಸಲ ಎಣಿಸಿ ನಡುವಿನ ಸಂಖ್ಯೆ ಬರೆಯಿರಿ. ಎಣಿಸುವಾಗ ಹಿಂಡು ಎದ್ದು ಇನ್ನೊಂದು ದಡಕ್ಕೆ ಹೋದರೆ ಆ ದಡದ ಎಣಿಕೆಗೆ ಅದನ್ನು ಸೇರಿಸಬೇಡಿ.

ಬರೆಯುವುದಕ್ಕೆ, ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಜಾಲತಾಣ ಇ-ಬರ್ಡ್ ಒಳ್ಳೆಯದು, ಉಚಿತ. ಒಂದು ಕೆರೆಗೆ ಒಂದು ಪಟ್ಟಿ, ಸಮಯ ಒಂದು ಗಂಟೆಯೊಳಗೆ ಇದ್ದರೆ ಚೆಂದ. ಮೂವತ್ತು ಮೀಟರಿಗಿಂತ ಹೆಚ್ಚು ನಡೆದಿರದಿದ್ದರೆ 'ಸ್ಟೇಷನರಿ', ನಡೆದಿದ್ದರೆ 'ಟ್ರಾವೆಲಿಂಗ್'. ಸಂಖ್ಯೆಯ ಜಾಗದಲ್ಲಿ 'ಎಕ್ಸ್' ಹಾಕುವ ಸೌಲಭ್ಯ ಇದೆ, ದಯವಿಟ್ಟು ಬಳಸಬೇಡಿ. ಅಂದಾಜು ನಲವತ್ತು ಎನ್ನುವುದೂ ಎಕ್ಸ್‌ಗಿಂತ ಮೇಲು. ಕೊನೆಯಲ್ಲಿ, ಗುರುತಿಸಿದ ಎಲ್ಲ ಹಕ್ಕಿಯನ್ನೂ ಬರೆದಿದ್ದೀರಾ ಎಂಬ ಪ್ರಶ್ನೆಗೆ 'ಹೌದು' ಎಂದು ಉತ್ತರಿಸುವಂತೆ ಕಾಗೆ, ಬೆಳ್ಳಕ್ಕಿಯನ್ನೂ ಬಿಡದೆ ಬರೆಯಿರಿ. ಆ 'ಹೌದು' ಇದ್ದರೆ ಮಾತ್ರ, ಪಟ್ಟಿಯಲ್ಲಿ ಹೆಬ್ಬಾತು ಇಲ್ಲದಿರುವುದೂ ಮಾಹಿತಿಯಾಗುತ್ತದೆ. ಹೆಬ್ಬಾತು ಹೋದ ದಿನಾಂಕ ಹಿಡಿಯುವ ಗುಟ್ಟೂ ಇದರಲ್ಲೇ ಇದೆ. ಕೊನೆಯ ಸಲ ಕಂಡದ್ದು ಮಾರ್ಚ್ 9 ಎಂದರೆ ಅರ್ಥವಿಲ್ಲ, ನೀವು ಆಮೇಲೆ ಹೋಗಿಯೇ ಇಲ್ಲದಿರಬಹುದು. ಮಾರ್ಚ್ 9ಕ್ಕೆ ಹನ್ನೆರಡು, 12ಕ್ಕೆ ಸೊನ್ನೆ, 16ಕ್ಕೆ ಸೊನ್ನೆ, ಮೂರೂ ಸಲ ಹತ್ತೂವರೆಗೆ, ಅದೇ ದಡದಿಂದ ಎಂದಿದ್ದರೆ ಅದು ದಾಖಲೆ. ಮೂರು ನಾಲ್ಕು ದಿನಕ್ಕೊಮ್ಮೆ ಒಬ್ಬರೇ ಹೋಗುವುದು ಕಷ್ಟವಾದರೆ ಊರಿನ ಇಬ್ಬರು ಮೂವರು ಸರದಿ ಹಾಕಿಕೊಳ್ಳಿ, ಆದರೆ ಹೊತ್ತು ಮತ್ತು ನಿಲ್ಲುವ ಜಾಗ ಬದಲಾಯಿಸಬೇಡಿ.

ಕೊನೆಯದಾಗಿ, ಹೆಬ್ಬಾತುಗಳ ಕತ್ತು ಒಂದೊಂದಾಗಿ ನೋಡಿ. ಮಂಗೋಲಿಯಾದಲ್ಲಿ ಹಿಡಿದು ಗುರುತು ಹಾಕಿದವಕ್ಕೆ ಹಸಿರು ಕೊರಳಪಟ್ಟಿ, ಅದರ ಮೇಲೆ ಬಿಳಿ ಅಕ್ಷರ ಮತ್ತು ಅಂಕೆ ಇರುತ್ತದೆ. ಅಂಥದ್ದು ಕಂಡರೆ ಪಟ್ಟಿಯ ಬಣ್ಣ, ಅಕ್ಷರ, ಅಂಕೆ, ಅವನ್ನು ಯಾವ ಕಡೆಯಿಂದ ಓದಿದಿರಿ ಎನ್ನುವುದನ್ನು ಅಲ್ಲೇ ಬರೆದುಕೊಳ್ಳಿ, ಮಸುಕಾದರೂ ಒಂದು ಫೋಟೊ ತೆಗೆಯಿರಿ. ದಿನಾಂಕ, ಕೆರೆಯ ಹೆಸರು, ಜೊತೆಗಿದ್ದ ಹಿಂಡಿನ ಸಂಖ್ಯೆ ಸೇರಿಸಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಹಕ್ಕಿ ನೀರಿನಲ್ಲಿದ್ದು ಕತ್ತು ಮಡಚಿ ನಿದ್ದೆಯಲ್ಲಿದ್ದರೆ ಪಟ್ಟಿ ಕಾಣುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ದಡಕ್ಕೆ ಹತ್ತಿ ಗರಿ ಕೆದರಿಕೊಳ್ಳುವವರೆಗೆ ಕಾಯಬೇಕು.